ಎಚ್‌ಡಿಎಂಐ ಸ್ವಿಚ್‌ನಲ್ಲಿ ಈಗ ಯಾವ ಇನ್‌ಪುಟ್ ಇದೆ? ರಾಸ್‌ಬೆರಿ ಪೈಯಿಂದ ಓದುವ ಬಗೆ

ಟಿವಿಯ ಹಿಂದೆ ಖಾಲಿ ಉಳಿದಿರುವುದು ಒಂದೇ ಎಚ್‌ಡಿಎಂಐ ಪೋರ್ಟ್. ಜೋಡಿಸಬೇಕಾದ ಪೆಟ್ಟಿಗೆಗಳು ನಾಲ್ಕು: ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಗೇಮ್ ಕನ್ಸೋಲ್, ಲ್ಯಾಪ್‌ಟಾಪ್. ಇಂಥ ಕಡೆ ಐದು ಇನ್‌ಪುಟ್, ಒಂದು ಔಟ್‌ಪುಟ್‌ನ ಅಗ್ಗದ ಸ್ವಿಚ್ ತಂದು ಹಾಕುತ್ತೇವೆ. ಚಿತ್ರ ಬದಲಿಸುವ ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಈಗ ಯಾವ ಇನ್‌ಪುಟ್ ನಡೆಯುತ್ತಿದೆ ಎಂದು ಬೇರೆ ಯಾವ ಯಂತ್ರಕ್ಕೂ ತಿಳಿಸುವುದಿಲ್ಲ. ಮುಂಭಾಗದ ಐದು ಪುಟ್ಟ ದೀಪಗಳಲ್ಲಿ ಒಂದು ಉರಿಯುತ್ತದೆ, ಅಷ್ಟೇ.

ಆ ಒಂದು ಮಾಹಿತಿ ಕಂಪ್ಯೂಟರಿಗೆ ಸಿಕ್ಕಿದರೆ ಎಷ್ಟೋ ಕೆಲಸ ತಾನಾಗಿ ಆಗುತ್ತದೆ. ಕನ್ಸೋಲ್ ಬಂದ ಕೂಡಲೇ ಆಂಪ್ಲಿಫೈಯರ್ ಆನ್ ಆಗಬಹುದು. ಸಭಾಂಗಣದ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಬಂದಾಗ ವೇದಿಕೆಯ ದೀಪ ಮಂದವಾಗಬಹುದು. ಎರಡು ಕ್ಯಾಮೆರಾ ಇಟ್ಟು ನೇರಪ್ರಸಾರ ಮಾಡುವವರು, ಈಗ ತೆರೆಯ ಮೇಲಿರುವ ಕ್ಯಾಮೆರಾದ ತಲೆಯ ಮೇಲೆ ಕೆಂಪು ದೀಪ ಹೊತ್ತಿಸಬಹುದು.

ಇಲ್ಲಿ ವಿವರಿಸುವ ದಾರಿ ಇಷ್ಟು: ಸ್ವಿಚ್‌ನ ಒಂದೊಂದು ಎಲ್‌ಇಡಿಗೂ ಒಂದೊಂದು ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಪುಟ್ಟ ಬಿಡಿಭಾಗ) ಕಟ್ಟಿ, ಅದರ ಇನ್ನೊಂದು ಬದಿಯನ್ನು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಪಿನ್‌ಗಳಿಗೆ ಕೊಡುವುದು. ಬೆಸುಗೆ ಹಾಕಲು ಬಂದರೆ ಒಂದು ಭಾನುವಾರದ ಕೆಲಸ.

ದೀಪವನ್ನೇ ಏಕೆ ಓದಬೇಕು

ಮೊದಲು ಹೊಳೆಯುವ ಉಪಾಯ ಲೆಕ್ಕ ಇಡುವುದು. ಸ್ವಿಚ್‌ನ ರಿಮೋಟ್ ಸಂಕೇತವನ್ನು ಪೈ ಕಡೆಯಿಂದಲೇ ಕಳಿಸಿ, ಎಷ್ಟನೆಯ ಗುಂಡಿ ಒತ್ತಿದೆ ಎಂದು ನೆನಪಿಡುವುದು. ಇದು ಎರಡೇ ದಿನದಲ್ಲಿ ಕೆಡುತ್ತದೆ. ಮನೆಯವರು ಯಾರೋ ಸ್ವಿಚ್‌ನ ಮೇಲಿನ ಗುಂಡಿಯನ್ನೇ ಒತ್ತುತ್ತಾರೆ. ಅಥವಾ ಹೊಸ ಪೆಟ್ಟಿಗೆ ಆನ್ ಆದಾಗ ಸ್ವಿಚ್ ತಾನೇ ಅದಕ್ಕೆ ಜಿಗಿಯುತ್ತದೆ. ಕಳಿಸಿದ ಆಜ್ಞೆಯ ಲೆಕ್ಕ ಒಂದು ಕಡೆ, ಸ್ವಿಚ್‌ನ ನಿಜಸ್ಥಿತಿ ಇನ್ನೊಂದು ಕಡೆ. ಒಮ್ಮೆ ತಪ್ಪಿದ ಲೆಕ್ಕ ತಾನಾಗಿ ಸರಿಹೋಗುವುದೂ ಇಲ್ಲ.

ಎರಡನೆಯದು ಎಚ್‌ಡಿಎಂಐ ಕೇಬಲ್‌ನಲ್ಲೇ ಇರುವ ಸಿಇಸಿ ತಂತಿ, ಅಂದರೆ 13ನೇ ಪಿನ್. ತಾನೀಗ ತೆರೆಯ ಮೇಲಿದ್ದೇನೆ ಎಂದು ಪೆಟ್ಟಿಗೆಗಳು ಇದರ ಮೂಲಕ ಸಾರುತ್ತವೆ, ಜೊತೆಗೆ ತಮ್ಮ ವಿಳಾಸವನ್ನೂ ಹೇಳುತ್ತವೆ. ಆದರೆ ಆ ವಿಳಾಸ ಅವಕ್ಕೆ ಸಿಗುವುದು ಟಿವಿ ತನ್ನ ಬಗ್ಗೆ ಕಳಿಸುವ ಇಡಿಐಡಿ ಮಾಹಿತಿಯಿಂದ. ಅಗ್ಗದ ಸ್ವಿಚ್‌ಗಳು ಅದನ್ನು ಬದಲಿಸದೆ ಹಾಗೇ ದಾಟಿಸುವುದರಿಂದ, ಸ್ವಿಚ್‌ನ ಹಿಂದಿರುವ ನಾಲ್ಕೂ ಪೆಟ್ಟಿಗೆ ತಮ್ಮ ವಿಳಾಸ ಒಂದೇ ಎಂದುಕೊಂಡಿರುತ್ತವೆ. ಅಲ್ಲಿಗೆ ಆ ದಾರಿ ಮುಚ್ಚಿತು.

ಮೂರನೆಯದು 19ನೇ ಪಿನ್, ಹಾಟ್‌ಪ್ಲಗ್. ಆಚೆ ತುದಿಯಲ್ಲಿ ಟಿವಿ ಇದೆ ಎಂದು ಪೆಟ್ಟಿಗೆಗೆ ತಿಳಿಸುವ ತಂತಿ ಇದು. ಕೆಲವು ಸ್ವಿಚ್‌ಗಳು ಆಯ್ಕೆಯಾಗದ ಇನ್‌ಪುಟ್‌ಗಳಲ್ಲಿ ಇದರ ವೋಲ್ಟೇಜನ್ನು ಕೆಳಗಿಳಿಸುತ್ತವೆ, ಕೆಲವು ಎಲ್ಲದರಲ್ಲೂ ಮೇಲೆಯೇ ಇಟ್ಟಿರುತ್ತವೆ. ಅದಕ್ಕಿಂತ ದೊಡ್ಡ ಮಾತೆಂದರೆ, ಎಚ್‌ಡಿಎಂಐ ಸಾಕೆಟ್‌ನ ಹತ್ತಿರ ಬೆಸುಗೆ ಕಡ್ಡಿ ಒಯ್ಯುವುದೇ ಬೇಡ. ಅಲ್ಲಿ ಚಿತ್ರ ಹೊರುವ ಜೋಡಿ ಗೆರೆಗಳ ಇಂಪಿಡೆನ್ಸ್ (ಸಿಗ್ನಲ್‌ಗೆ ಗೆರೆ ಒಡ್ಡುವ ತಡೆ) 100 ಓಮ್‌ಗೆ ಹೊಂದಿಸಿರುತ್ತಾರೆ. ಪಕ್ಕದಲ್ಲಿ ಹನಿ ಸೀಸ ಚೆಲ್ಲಿದರೂ 4ಕೆ ಚಿತ್ರದಲ್ಲಿ ಚುಕ್ಕಿ ಬೀಳಲು ಸಾಕು.

ದೀಪಕ್ಕೆ ಈ ತೊಂದರೆ ಯಾವುದೂ ಇಲ್ಲ. ಸ್ವಿಚ್‌ನ ಒಳಗಿನ ಚಿಪ್ ತಾನು ಏನು ಮಾಡಿದೆಯೋ ಅದನ್ನೇ ದೀಪದಲ್ಲಿ ತೋರಿಸುತ್ತದೆ. ಗುಂಡಿಯಿಂದ ಬದಲಾದರೂ, ರಿಮೋಟ್‌ನಿಂದ ಬದಲಾದರೂ, ತಾನಾಗಿ ಬದಲಾದರೂ ದೀಪ ಸರಿಯಾದದ್ದೇ ಉರಿಯುತ್ತದೆ.

ಒಂದು ಅಪವಾದ ಹೇಳಲೇಬೇಕು. ನಿಮ್ಮ ಸ್ವಿಚ್‌ಗೆ ಆರ್‌ಎಸ್-232 (ಸೀರಿಯಲ್) ಅಥವಾ ನೆಟ್‌ವರ್ಕ್ ಪೋರ್ಟ್ ಇದ್ದರೆ ಅದನ್ನು ಬಿಚ್ಚಲೇಬೇಡಿ. ಎಕ್ಸ್‌ಟ್ರಾನ್‌ನಂಥ ವೃತ್ತಿಪರ ಸ್ವಿಚ್‌ಗಳು ಸೀರಿಯಲ್ ಪೋರ್ಟ್‌ನಲ್ಲಿ 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಲೆಕ್ಕದಲ್ಲಿ ಮಾತಾಡುತ್ತವೆ. ಒಂದು ಯುಎಸ್‌ಬಿ ಸೀರಿಯಲ್ ಕೇಬಲ್ ಸಾಕು. ಆರ್‌ಎಸ್-232 ತಂತಿಯನ್ನು ನೇರ ಪೈಯ ಪಿನ್‌ಗೆ ಮಾತ್ರ ಕೊಡಬಾರದು. ಅದರಲ್ಲಿ ಸೊನ್ನೆಯ ಮೇಲೂ ಕೆಳಗೂ ಹಲವು ವೋಲ್ಟ್ ಓಡಾಡುತ್ತದೆ, ನಡುವೆ ಆ ವೋಲ್ಟೇಜನ್ನು ಪೈಗೆ ಹೊಂದಿಸುವ ಮ್ಯಾಕ್ಸ್3232 ಮಾಡ್ಯೂಲ್ ಇರಲೇಬೇಕು. ಬ್ಲ್ಯಾಕ್‌ಮ್ಯಾಜಿಕ್‌ನ ಏಟೆಮ್ ಮಿನಿಯಂಥ ಸ್ವಿಚರ್‌ಗಳು ನೆಟ್‌ವರ್ಕ್‌ನಲ್ಲಿ ಯುಡಿಪಿ 9910ನೇ ಪೋರ್ಟ್ ಮೂಲಕ ತಮ್ಮ ಸ್ಥಿತಿ ತಿಳಿಸುತ್ತವೆ. ಅದನ್ನು ಓದುವ ಪೈಥಾನ್ ಲೈಬ್ರರಿಗಳು ಸಿಗುತ್ತವೆ. ಮುಂದಿನ ಮಾತೆಲ್ಲ ಇಂಥ ಯಾವ ಪೋರ್ಟೂ ಇಲ್ಲದ ಸಾದಾ ಸ್ವಿಚ್‌ಗೆ.

ಬಿಚ್ಚುವ ಮೊದಲು ಸ್ವಿಚ್‌ನ ಸ್ವಭಾವ ತಿಳಿಯಿರಿ

ಹೆಚ್ಚಿನವರು ಈ ಹಂತ ಹಾರಿಸುತ್ತಾರೆ, ಆಮೇಲೆ ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಒಂದು ಹಾಳೆ ತೆಗೆದುಕೊಂಡು ಈ ಸಂದರ್ಭಗಳಲ್ಲಿ ಯಾವ ದೀಪ ಹೇಗಿದೆ ಎಂದು ಬರೆದುಕೊಳ್ಳಿ:

1. ಎಲ್ಲ ಪೆಟ್ಟಿಗೆ ಆಫ್, ಸ್ವಿಚ್‌ಗೆ ಮಾತ್ರ ಕರೆಂಟ್.
2. ಒಂದೇ ಪೆಟ್ಟಿಗೆ ಆನ್, ಅದೇ ಆಯ್ಕೆಯಾಗಿದೆ.
3. ಎರಡು ಪೆಟ್ಟಿಗೆ ಆನ್, ಒಂದು ಆಯ್ಕೆಯಾಗಿದೆ.
4. ಆಯ್ಕೆಯಾದ ಪೆಟ್ಟಿಗೆಯನ್ನು ಆಫ್ ಮಾಡಿದ ಕ್ಷಣ, ಮತ್ತು ಐದು ಸೆಕೆಂಡ್ ನಂತರ.
5. ರಿಮೋಟ್‌ನಿಂದ ಸ್ವಿಚ್ಚನ್ನೇ ಆಫ್ ಮಾಡಿದಾಗ.

ಮೂರನೆಯದೇ ಮುಖ್ಯ. ಕೆಲವು ಸ್ವಿಚ್‌ಗಳಲ್ಲಿ ಸಿಗ್ನಲ್ ಇರುವ ಪ್ರತಿ ಪೋರ್ಟ್‌ಗೂ ಒಂದು ದೀಪ ಉರಿಯುತ್ತದೆ, ಆಯ್ಕೆಯಾದದ್ದಕ್ಕೆ ಬೇರೆ ಬಣ್ಣ ಬರುತ್ತದೆ. ಅಂಥ ಎರಡು ಬಣ್ಣದ ಎಲ್‌ಇಡಿಗೆ ಮೂರು ಕಾಲು ಇರುತ್ತವೆ. ನಿಮಗೆ ಬೇಕಾದ್ದು ಆಯ್ಕೆಯ ಬಣ್ಣದ ಕಾಲು ಮಾತ್ರ. ಸಿಗ್ನಲ್‌ನ ಕಾಲಿಗೆ ತಂತಿ ಹಾಕಿದರೆ ಯಾವಾಗಲೂ ಎರಡು ಮೂರು ಇನ್‌ಪುಟ್ ಒಟ್ಟಿಗೆ ನಡೆಯುತ್ತಿವೆ ಎಂದು ಪೈ ಹೇಳುತ್ತದೆ.

ಇನ್ನೊಂದು ಪರೀಕ್ಷೆ ಮೊಬೈಲ್‌ನಿಂದ. ದೀಪದ ಸ್ಲೋ ಮೋಷನ್ ವಿಡಿಯೋ ತೆಗೆದು ನೋಡಿ. ಸ್ಥಿರವಾಗಿ ಉರಿದರೆ ಒಳ್ಳೆಯದು. ಪಟಪಟ ಮಿನುಗಿದರೆ, ಚಿಪ್ ದೀಪಗಳನ್ನು ಸರದಿಯಲ್ಲಿ ಬಹಳ ವೇಗವಾಗಿ ಹೊತ್ತಿಸಿ ಆರಿಸುತ್ತಿದೆ ಎಂದರ್ಥ. ಇದಕ್ಕೂ ಪರಿಹಾರವಿದೆ, ಆದರೆ ಮೊದಲೇ ಗೊತ್ತಿರಬೇಕು.

ಬೇಕಾಗುವ ಸಾಮಾನು

ಐದು ಇನ್‌ಪುಟ್‌ನ ಸ್ವಿಚ್‌ಗೆ ಇಷ್ಟು ಬೇಕು. ರಾಸ್‌ಬೆರಿ ಪೈ ಯಾವುದಾದರೂ ಆದೀತು, ಝೀರೋ 2 ಡಬ್ಲ್ಯೂ ಧಾರಾಳ ಸಾಕು. ಪಿಸಿ817 ಆಪ್ಟೋಕಪ್ಲರ್ ಐದು, ಎರಡು ಹೆಚ್ಚಿಗೆ ಇರಲಿ. ಕಾಲು ವಾಟ್‌ನ 1 ಕಿಲೋ ಓಮ್ ಮತ್ತು 3.3 ಕಿಲೋ ಓಮ್ ರೆಸಿಸ್ಟರ್ ಐದೈದು. 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಐದು, ದೀಪ ಮಿನುಗುವುದಿದ್ದರೆ ಮಾತ್ರ. ಸಣ್ಣ ತೂತಿನ ಬೋರ್ಡ್ ಒಂದು ತುಂಡು, 30 ಗೇಜ್‌ನ ತೆಳು ತಂತಿ, ಕ್ಯಾಪ್ಟನ್ ಟೇಪ್ (ಬಿಸಿ ತಾಳುವ, ವಿದ್ಯುತ್ ಹರಿಯಗೊಡದ ಟೇಪ್), ಹಾಟ್ ಗ್ಲೂ. ಉಪಕರಣಗಳಲ್ಲಿ ಚೂಪು ಮೂತಿಯ ಬೆಸುಗೆ ಕಡ್ಡಿ, ಫ್ಲಕ್ಸ್, ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಒಂದೇ ಸುತ್ತಿನಲ್ಲಿ ಎಲ್ಲ ಸಿಗುತ್ತದೆ.

ಪಿಸಿ817 ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ನೋಡಿ. ಒಳಗಿನ ದೀಪಕ್ಕೆ ಕೊಟ್ಟ ಕರೆಂಟಿಗೆ ಹೋಲಿಸಿದರೆ ಆಚೆ ಬದಿಯಲ್ಲಿ ಎಷ್ಟು ಕರೆಂಟ್ ಹರಿಯಬಲ್ಲದು ಎಂಬ ಪ್ರಮಾಣವನ್ನು ಆ ಅಕ್ಷರ ಹೇಳುತ್ತದೆ. ಎ ಎಂದರೆ ಶೇ. 80ರಿಂದ 160, ಬಿ 130ರಿಂದ 260, ಸಿ 200ರಿಂದ 400. ನಾವಿಲ್ಲಿ ಅರ್ಧ ಮಿಲಿಆಂಪಿಯರ್‌ನಲ್ಲಿ ಕೆಲಸ ತೆಗೆಯುವವರು. ಅಷ್ಟು ಕಡಿಮೆ ಕರೆಂಟಿನಲ್ಲಿ ಈ ಪ್ರಮಾಣ ಇನ್ನೂ ಕುಸಿಯುತ್ತದೆ. ಆದ್ದರಿಂದ ಸಿ ದರ್ಜೆಯದೇ ತನ್ನಿ.

ಆಪ್ಟೋಕಪ್ಲರ್ ಬಿಟ್ಟು ನೇರ ತಂತಿ ಎಳೆದರಾಗದೇ? ಎರಡು ಕಾರಣಕ್ಕೆ ಬೇಡ. ಪೈಯ ಪಿನ್‌ಗಳು 3.3 ವೋಲ್ಟ್‌ಗೆ ಮಾತ್ರ ತಾಳುತ್ತವೆ, ಸ್ವಿಚ್‌ನ ದೀಪದ ಗೆರೆಯಲ್ಲಿ 5 ವೋಲ್ಟ್ ಇರಬಹುದು. ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. ಎರಡೇ ಕಡ್ಡಿಯ, ಅರ್ತ್ ಇಲ್ಲದ ಅಡಾಪ್ಟರ್‌ಗಳ ಒಳಗೆ ಮೇನ್ಸ್ ಬದಿಯಿಂದ ಔಟ್‌ಪುಟ್ ಬದಿಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರಿಂದಾಗಿ ಸೆಟ್‌ಟಾಪ್ ಬಾಕ್ಸಿನ ಲೋಹದ ಮೈ, ಎಚ್‌ಡಿಎಂಐ ಕೇಬಲ್‌ನ ಹೊರಕವಚ ಎಲ್ಲವೂ ಅರ್ತ್‌ಗೆ ಹೋಲಿಸಿದರೆ ನೂರು ವೋಲ್ಟ್‌ನಷ್ಟು ಮೇಲೆ ತೇಲುತ್ತಿರಬಹುದು. ಕರೆಂಟ್ ಅತ್ಯಲ್ಪ, ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಅಷ್ಟೇ. ಆದರೆ ಪೈಯ ಒಂದು ಜಿಪಿಐಒ ಪಿನ್ (ಹೊರಗಿನ ಸಂಕೇತ ಓದುವ, ಕಳಿಸುವ ಪಿನ್) ಸುಡಲು ಅಷ್ಟು ಸಾಕು. ಆಪ್ಟೋಕಪ್ಲರ್‌ನಲ್ಲಿ ಎರಡು ಬದಿಗಳ ನಡುವೆ ಬೆಳಕು ಮಾತ್ರ ದಾಟುತ್ತದೆ, ತಂತಿ ದಾಟುವುದಿಲ್ಲ.

ಬಿಚ್ಚಿ ದೀಪದ ಕಾಲು ಗುರುತಿಸುವುದು

ಅಡಾಪ್ಟರ್ ಮಾತ್ರ ಕಿತ್ತರೆ ಸಾಲದು. ಎಲ್ಲ ಎಚ್‌ಡಿಎಂಐ ಕೇಬಲ್‌ಗಳನ್ನೂ ತೆಗೆಯಿರಿ. ಪ್ರತಿ ಪೆಟ್ಟಿಗೆಯೂ 18ನೇ ಪಿನ್‌ನಲ್ಲಿ 5 ವೋಲ್ಟ್ ಕೊಡುತ್ತಿರುತ್ತದೆ, ಅಷ್ಟರಿಂದಲೇ ಸ್ವಿಚ್ ಜೀವಂತವಾಗಿರುತ್ತದೆ. ಜೊತೆಗೆ, ಮೇಲೆ ಹೇಳಿದ ಸೋರಿಕೆ ಅರ್ತ್ ಇರುವ ಬೆಸುಗೆ ಕಡ್ಡಿಯ ಮೂಲಕ ಹರಿದು ಚಿಪ್‌ಗೆ ಪೆಟ್ಟು ಕೊಡಬಹುದು.

ತಳದ ರಬ್ಬರ್ ಪಾದಗಳ ಅಡಿಯಲ್ಲಿ ಸ್ಕ್ರೂ ಅಡಗಿರುವುದು ಸಾಮಾನ್ಯ. ಮೇಲ್ಮುಚ್ಚಳ ತೆಗೆದರೆ ಮುಂಭಾಗದ ಅಂಚಿನಲ್ಲಿ ಎಲ್‌ಇಡಿಗಳ ಸಾಲು ಕಾಣುತ್ತದೆ. ಅವು ಅಕ್ಕಿಕಾಳಿಗಿಂತ ಚಿಕ್ಕವು, 1.6 ಮಿಲಿಮೀಟರ್ ಉದ್ದ, 0.8 ಅಗಲ.

ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕಿಟ್ಟು ಎರಡು ಕಡ್ಡಿಗಳನ್ನು ದೀಪದ ಎರಡು ತುದಿಗೆ ಮುಟ್ಟಿಸಿ. ದೀಪ ಮಂದವಾಗಿ ಹೊತ್ತಿದರೆ ಕೆಂಪು ಕಡ್ಡಿ ಇರುವ ತುದಿ ಆನೋಡ್ (ಧನ ತುದಿ), ಇನ್ನೊಂದು ಕ್ಯಾಥೋಡ್. ಹೊತ್ತದಿದ್ದರೆ ಕಡ್ಡಿ ಅದಲುಬದಲು ಮಾಡಿ. ನೀಲಿ ದೀಪ ಕೆಲವು ಮೀಟರ್‌ಗಳಲ್ಲಿ ಹೊತ್ತುವುದೇ ಇಲ್ಲ, ಮೀಟರ್ ಕೊಡುವ ವೋಲ್ಟೇಜ್ ಅದಕ್ಕೆ ಸಾಲದು. ಆಗ ಸ್ವಿಚ್‌ಗೆ ಅಡಾಪ್ಟರ್ ಹಾಕಿ, ಉರಿಯುತ್ತಿರುವ ದೀಪದ ಎರಡು ತುದಿಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಅಂಕೆಯ ಮುಂದೆ ಮೈನಸ್ ಗುರುತು ಇಲ್ಲದಿದ್ದರೆ ಕೆಂಪು ಕಡ್ಡಿಯ ತುದಿಯೇ ಆನೋಡ್.

ಈ ಅಂಕೆಯನ್ನು ಹೇಗಿದ್ದರೂ ಬರೆದುಕೊಳ್ಳಬೇಕು, ಏಕೆಂದರೆ ಯಾವ ರೆಸಿಸ್ಟರ್ ಎಂಬುದು ಅದರ ಮೇಲೆ ನಿಂತಿದೆ. ಕೆಂಪು, ಹಳದಿ ದೀಪಗಳಲ್ಲಿ 2 ವೋಲ್ಟ್‌ನ ಆಸುಪಾಸು, ನೀಲಿ, ಬಿಳಿ ಮತ್ತು ಹೊಸ ಬಗೆಯ ಹಸಿರಿನಲ್ಲಿ 3ರ ಆಸುಪಾಸು ಬರುತ್ತದೆ. ಕಣ್ಣಿಗೆ ಸ್ಥಿರವಾಗಿ ಉರಿಯುವಂತೆ ಕಾಣುವ ದೀಪದಲ್ಲಿ 1 ವೋಲ್ಟ್‌ನಂಥ ವಿಚಿತ್ರ ಅಂಕೆ ಬಂದರೆ ಅದು ಮಿನುಗುವ ದೀಪವೇ. ಮೀಟರ್ ಸರಾಸರಿ ತೋರಿಸುತ್ತಿದೆ.

ರೆಸಿಸ್ಟರ್‌ನ ಲೆಕ್ಕ

ಆಪ್ಟೋಕಪ್ಲರ್‌ನ ಒಳಗೂ ಒಂದು ಎಲ್‌ಇಡಿಯೇ ಇರುವುದು. ಅದು ಉರಿಯಲು ಸುಮಾರು 1.1ರಿಂದ 1.2 ವೋಲ್ಟ್ ಬೇಕು. ಸ್ವಿಚ್‌ನ ದೀಪದ ಎರಡು ತುದಿಗೆ ಅದನ್ನು ಸಮಾನಾಂತರವಾಗಿ, ನಡುವೆ ಒಂದು ರೆಸಿಸ್ಟರ್ ಹಾಕಿ ಜೋಡಿಸುತ್ತೇವೆ. ಕೆಂಪು ದೀಪದಲ್ಲಿ 1.9 ವೋಲ್ಟ್ ಇದ್ದರೆ, 1.2 ಕಳೆದು ಉಳಿದದ್ದು 0.7. ಅದನ್ನು 1 ಕಿಲೋ ಓಮ್‌ನಿಂದ ಭಾಗಿಸಿದರೆ 0.7 ಮಿಲಿಆಂಪಿಯರ್. ನೀಲಿಯಲ್ಲಿ 2.8 ಇದ್ದರೆ ಉಳಿಯುವುದು 1.6. ಅಲ್ಲಿ 3.3 ಕಿಲೋ ಓಮ್ ಹಾಕಿದರೆ ಸುಮಾರು ಅರ್ಧ ಮಿಲಿಆಂಪಿಯರ್.

ರೆಸಿಸ್ಟರ್ ಇಲ್ಲದೆ ನೇರ ಕಟ್ಟಿದರೆ ಏನಾಗುತ್ತದೆ? ಆಪ್ಟೋಕಪ್ಲರ್‌ನ ದೀಪ 1.2 ವೋಲ್ಟ್‌ಗೇ ಹೊತ್ತಿ ಕರೆಂಟನ್ನೆಲ್ಲ ತಾನೇ ಕುಡಿಯುತ್ತದೆ, ಸ್ವಿಚ್‌ನ ದೀಪಕ್ಕೆ 2 ವೋಲ್ಟ್ ಸಿಗುವುದೇ ಇಲ್ಲ. ಪೈ ಸರಿಯಾಗಿ ಓದುತ್ತದೆ, ಆದರೆ ಮುಂದಿನ ದೀಪ ಸತ್ತಂತೆ ಕಾಣುತ್ತದೆ. ನೀಲಿ ದೀಪಕ್ಕೆ 1 ಕಿಲೋ ಓಮ್ ಹಾಕಿದರೂ ಹೆಚ್ಚುಕಡಿಮೆ ಇದೇ ಗತಿ. 3.3 ವೋಲ್ಟ್‌ನಿಂದ ನಡೆಯುವ ನೀಲಿ ದೀಪಕ್ಕೆ ಮೊದಲೇ ಒಂದೆರಡು ಮಿಲಿಆಂಪಿಯರ್‌ಗಿಂತ ಹೆಚ್ಚು ಸಿಗುತ್ತಿರುವುದಿಲ್ಲ. ಸರಿಯಾದ ರೆಸಿಸ್ಟರ್ ಹಾಕಿದರೂ ದೀಪ ತುಸು ಮಂದವಾಗುತ್ತದೆ, ಅಷ್ಟಕ್ಕೆ ಒಪ್ಪಿಕೊಳ್ಳಬೇಕು.

ಹೀಗೆ ದೀಪದ ಎರಡೂ ತುದಿ ಹಿಡಿಯುವುದರಲ್ಲಿ ಒಂದು ಸೊಗಸಿದೆ. ಕೆಲವು ಸ್ವಿಚ್‌ಗಳಲ್ಲಿ ಚಿಪ್‌ನ ಕಾಲು ಮೇಲೇರಿದಾಗ ದೀಪ ಉರಿಯುತ್ತದೆ, ಕೆಲವದರಲ್ಲಿ ಕೆಳಗಿಳಿದಾಗ. ತಂತಿ ಒಂದನ್ನೇ ಎಳೆಯುವವರು ಇದನ್ನು ಪತ್ತೆ ಮಾಡಲೇಬೇಕು. ನಮಗೆ ಆ ಚಿಂತೆ ಇಲ್ಲ, ಆನೋಡ್‌ಗೆ ಆನೋಡ್, ಕ್ಯಾಥೋಡ್‌ಗೆ ಕ್ಯಾಥೋಡ್ ಸೇರಿದರೆ ಮುಗಿಯಿತು.

ಬೆಸುಗೆ

ಪಿಸಿ817ರ ಮೈಮೇಲೆ ಒಂದು ಮೂಲೆಯಲ್ಲಿ ಚುಕ್ಕಿ ಇರುತ್ತದೆ. ಚುಕ್ಕಿಯ ಕಾಲು 1, ಆನೋಡ್. ಅದರ ಪಕ್ಕದ್ದು 2, ಕ್ಯಾಥೋಡ್. ಎದುರು ಬದಿಯಲ್ಲಿ 2ರ ಎದುರಿನದು 3, ಎಮಿಟರ್. 1ರ ಎದುರಿನದು 4, ಕಲೆಕ್ಟರ್.

ತೂತಿನ ಬೋರ್ಡಿನ ಮೇಲೆ ಐದನ್ನೂ ಸಾಲಾಗಿ ಕೂರಿಸಿ. ಪ್ರತಿಯೊಂದರ 1ನೇ ಕಾಲಿಗೆ ರೆಸಿಸ್ಟರ್‌ನ ಒಂದು ತುದಿ, ರೆಸಿಸ್ಟರ್‌ನ ಇನ್ನೊಂದು ತುದಿಯಿಂದ ಸ್ವಿಚ್‌ನ ಆ ದೀಪದ ಆನೋಡ್‌ಗೆ ತಂತಿ. 2ನೇ ಕಾಲಿನಿಂದ ಕ್ಯಾಥೋಡ್‌ಗೆ ತಂತಿ. ಐದೂ ದೀಪಗಳ ಒಂದು ಬದಿ ಬೋರ್ಡಿನಲ್ಲೇ ಒಂದಾಗಿದೆ ಎಂದು ಮೀಟರ್‌ನ ಬೀಪ್‌ನಿಂದ ಖಚಿತವಾದರೆ ಹತ್ತು ತಂತಿ ಬೇಕಿಲ್ಲ, ಆರು ಸಾಕು. ಖಚಿತವಾಗದಿದ್ದರೆ ಹತ್ತನ್ನೂ ಎಳೆಯಿರಿ. ಎಲ್ಲ 3ನೇ ಕಾಲುಗಳನ್ನು ಒಟ್ಟು ಸೇರಿಸಿ ಪೈಯ ಗ್ರೌಂಡ್‌ಗೆ, ಪ್ರತಿ 4ನೇ ಕಾಲನ್ನು ಪೈಯ ಒಂದೊಂದು ಪಿನ್‌ಗೆ. ಪೈಯ ಗ್ರೌಂಡನ್ನು ಸ್ವಿಚ್‌ನ ಗ್ರೌಂಡ್‌ಗೆ ಸೇರಿಸಬೇಡಿ, ಸೇರಿಸಿದರೆ ಆಪ್ಟೋಕಪ್ಲರ್ ಹಾಕಿದ್ದೇ ವ್ಯರ್ಥ.

ದೀಪದ ಕಾಲಿಗೆ ತಂತಿ ಹಾಕುವಾಗ ಕ್ರಮ ಹೀಗಿರಲಿ. ತಂತಿಯ ತುದಿ 1 ಮಿಲಿಮೀಟರ್ ಮಾತ್ರ ಬಿಡಿಸಿ, ಅದಕ್ಕೆ ಮೊದಲೇ ಸೀಸ ಹಚ್ಚಿಕೊಳ್ಳಿ. ದೀಪದ ಕಾಲಿಗೆ ಫ್ಲಕ್ಸ್ ಸವರಿ. ತಂತಿ ತಾಗಿಸಿ, ಬಿಸಿ ಕಡ್ಡಿ ಒಂದು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಮೂರು ಸೆಕೆಂಡ್ ದಾಟಿದರೆ ದೀಪವೇ ಬೋರ್ಡಿನಿಂದ ಕಿತ್ತು ಕಡ್ಡಿಗೆ ಅಂಟಿಕೊಂಡು ಬರುತ್ತದೆ. ಎರಡು ತಂತಿ ಹಾಕಿದ ಕೂಡಲೇ ಕ್ಯಾಪ್ಟನ್ ಟೇಪ್‌ನಿಂದ ತಂತಿಯನ್ನು ಬೋರ್ಡಿಗೆ ಅಂಟಿಸಿ, ಆಮೇಲೆ ಮುಂದಿನ ದೀಪಕ್ಕೆ ಹೋಗಿ. ಕಡೆಯಲ್ಲಿ ತಂತಿಗಳು ಪೆಟ್ಟಿಗೆಯಿಂದ ಹೊರಬರುವ ಕಡೆ ಹಾಟ್ ಗ್ಲೂ ಹಾಕಿ. ಇಲ್ಲವಾದರೆ ಎಂದೋ ಒಂದು ದಿನ ಯಾರೋ ತಂತಿ ಎಳೆದು, ದೀಪದ ಜೊತೆ ತಾಮ್ರದ ಗೆರೆಯೂ ಎದ್ದು ಬರುತ್ತದೆ. ಅದನ್ನು ದುರಸ್ತಿ ಮಾಡುವುದು ಬಹಳ ಕಷ್ಟ.

ಮಿನುಗುವ ದೀಪದ ಸ್ವಿಚ್ ಆದರೆ ಪ್ರತಿ ಆಪ್ಟೋಕಪ್ಲರ್‌ನ 4 ಮತ್ತು 3ನೇ ಕಾಲುಗಳ ನಡುವೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ದೀಪ ಉರಿದಾಗ ಟ್ರಾನ್ಸಿಸ್ಟರ್ ಅದನ್ನು ಬೇಗ ಬರಿದು ಮಾಡುತ್ತದೆ. ಆರಿದಾಗ ಪೈಯ ಒಳಗಿನ ಸುಮಾರು 50 ಕಿಲೋ ಓಮ್‌ನ ಪುಲ್‌ಅಪ್ (ಪಿನ್ನನ್ನು 3.3 ವೋಲ್ಟ್ ಕಡೆಗೆ ಎಳೆದಿಡುವ ರೆಸಿಸ್ಟರ್) ಮೂಲಕ ಅದು ನಿಧಾನವಾಗಿ ತುಂಬಬೇಕು, ಅದಕ್ಕೆ 50 ಮಿಲಿಸೆಕೆಂಡ್‌ನಷ್ಟು ಹಿಡಿಯುತ್ತದೆ. ಸೆಕೆಂಡಿಗೆ ನೂರು ಬಾರಿ ಮಿನುಗುವ ದೀಪ ಪೈಗೆ ಸ್ಥಿರವಾಗಿ ಉರಿದಂತೆ ಕಾಣುತ್ತದೆ.

ಪೈಗೆ ಜೋಡಣೆ

ಹೆಡ್ಡರ್‌ನ (ಪೈಯ ಮೇಲಿನ ಪಿನ್‌ಗಳ ಸಾಲಿನ) 11, 13, 15, 16, 18ನೇ ಪಿನ್‌ಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅವು ಕ್ರಮವಾಗಿ ಜಿಪಿಐಒ 17, 27, 22, 23, 24. ಗ್ರೌಂಡ್‌ಗೆ 14ನೇ ಪಿನ್. ನಡುವಿನ 17ನೇ ಪಿನ್ ಮಾತ್ರ 3.3 ವೋಲ್ಟ್ ಸರಬರಾಜು, ತಪ್ಪಿ ಅದಕ್ಕೆ ಹಾಕಬೇಡಿ. ಪಿನ್‌ನ ಜಾಗದ ಸಂಖ್ಯೆ ಬೇರೆ, ಜಿಪಿಐಒ ಸಂಖ್ಯೆ ಬೇರೆ. ಪ್ರೋಗ್ರಾಮ್‌ನಲ್ಲಿ ಬರೆಯುವುದು ಜಿಪಿಐಒ ಸಂಖ್ಯೆ. 17 ಎಂಬುದು ಎರಡೂ ಪಟ್ಟಿಯಲ್ಲಿ ಇರುವುದರಿಂದ ಇಲ್ಲಿ ಎಡವುವವರು ಬಹಳ.

ಜಿಪಿಐಒ 2 ಮತ್ತು 3 ಬಿಟ್ಟುಬಿಡಿ. ಅವಕ್ಕೆ ಬೋರ್ಡಿನಲ್ಲೇ 1.8 ಕಿಲೋ ಓಮ್‌ನ ಪುಲ್‌ಅಪ್ ಬೆಸೆದಿದೆ. ನಮ್ಮ ಆಪ್ಟೋಕಪ್ಲರ್ ಅಷ್ಟು ಬಲವಾದ ಎಳೆತವನ್ನು ಸೊನ್ನೆಗೆ ಇಳಿಸಲಾರದು. ಇದೇ ಕಾರಣಕ್ಕೆ ಹೊರಗಿನಿಂದ 10 ಕಿಲೋ ಓಮ್ ಪುಲ್‌ಅಪ್ ಹಾಕುವ ಅಭ್ಯಾಸವನ್ನೂ ಇಲ್ಲಿ ಬಿಡಿ. ಅದಕ್ಕೆ 0.33 ಮಿಲಿಆಂಪಿಯರ್ ಹರಿಯಬೇಕು, ದುರ್ಬಲ ದರ್ಜೆಯ ಆಪ್ಟೋಕಪ್ಲರ್ ಇದ್ದರೆ ವೋಲ್ಟೇಜ್ ನಡುವೆಯೇ ನಿಲ್ಲುತ್ತದೆ. ಒಳಗಿನ ಪುಲ್‌ಅಪ್‌ಗೆ 0.07 ಸಾಕು. ತಂತಿ ಒಂದು ಮೀಟರ್ ಮೀರಿದರೆ ಮಾತ್ರ 47 ಕಿಲೋ ಓಮ್ ಒಂದನ್ನು ಹೊರಗೆ ಸೇರಿಸಬಹುದು.

ಪ್ರೋಗ್ರಾಮ್ ಬರೆಯುವ ಮೊದಲೇ ಪರೀಕ್ಷಿಸಿ. ಈಚಿನ ರಾಸ್‌ಬೆರಿ ಪೈ ಓಎಸ್‌ನಲ್ಲಿ ಪಿನ್‌ಸಿಟಿಆರ್‌ಎಲ್ ಎಂಬ ಆಜ್ಞೆ ಇದೆ. ಅದರಿಂದ ಐದೂ ಪಿನ್‌ಗಳನ್ನು ಇನ್‌ಪುಟ್ ಮತ್ತು ಪುಲ್‌ಅಪ್ ಆಗಿಸಿ, ಮೀಟರ್‌ನಿಂದ ಒಂದೊಂದನ್ನೂ ಗ್ರೌಂಡ್‌ಗೆ ಅಳೆಯಿರಿ. ಉರಿಯುವ ದೀಪದ ಪಿನ್‌ನಲ್ಲಿ 0.4 ವೋಲ್ಟ್‌ಗಿಂತ ಕಡಿಮೆ, ಉಳಿದವುಗಳಲ್ಲಿ 3.2ಕ್ಕಿಂತ ಹೆಚ್ಚು ಇರಬೇಕು. 1 ಅಥವಾ 1.5 ಕಂಡರೆ ಮುಂದೆ ಹೋಗಬೇಡಿ. ಅಂಥ ಪಿನ್ ಇವತ್ತು ಸರಿ ಓದಿ ನಾಳೆ ತಪ್ಪು ಓದುತ್ತದೆ. ಆ ದೀಪದ ರೆಸಿಸ್ಟರ್ ಒಂದು ಹಂತ ಕಡಿಮೆ ಮಾಡಿ, ಇಲ್ಲವೇ ಆಪ್ಟೋಕಪ್ಲರ್ ಬದಲಿಸಿ.

ಪ್ರೋಗ್ರಾಮ್

ಪೈಥಾನ್‌ನ ಜಿಪಿಐಒಝೀರೋ ಲೈಬ್ರರಿ ಬಳಸಿ. ಹಳೆಯ ಲೇಖನಗಳಲ್ಲಿ ಕಾಣುವ ಆರ್‌ಪಿಐ ಜಿಪಿಐಒ ಲೈಬ್ರರಿ ಪೈ 5ರಲ್ಲಿ ನಡೆಯುವುದಿಲ್ಲ. ಪಿನ್‌ಗಳನ್ನು ಅಲ್ಲಿ ಆರ್‌ಪಿ1 ಎಂಬ ಬೇರೆ ಚಿಪ್ ನೋಡಿಕೊಳ್ಳುತ್ತದೆ. ಜಿಪಿಐಒಝೀರೋ ಎಲ್ಲ ಮಾದರಿಯಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ.

ಐದು ಪಿನ್‌ಗಳನ್ನು ಪುಲ್‌ಅಪ್ ಸಹಿತ ಇನ್‌ಪುಟ್ ಎಂದು ಘೋಷಿಸಿ. ದೀಪ ಉರಿದಾಗ ಪಿನ್ ಸೊನ್ನೆಗೆ ಇಳಿಯುತ್ತದೆ ನಿಜ, ಆದರೆ ಪುಲ್‌ಅಪ್ ಎಂದು ಹೇಳಿದ ಮೇಲೆ ಲೈಬ್ರರಿ ತಾನೇ ಅದನ್ನು ತಿರುವಿ 1 ಎಂದು ಕೊಡುತ್ತದೆ. ನೀವು ಇನ್ನೊಮ್ಮೆ ತಿರುವಿದರೆ ಉರಿಯದ ನಾಲ್ಕು ದೀಪ ಉರಿದಂತೆ ಬರುತ್ತವೆ.

ಪಿನ್ ಬದಲಾದಾಗ ಎಚ್ಚರಿಸುವ ವ್ಯವಸ್ಥೆ ಲೈಬ್ರರಿಯಲ್ಲಿದೆ, ಆದರೆ ಇಲ್ಲಿ ಅದಕ್ಕಿಂತ ಸರದಿಯಲ್ಲಿ ನೋಡುತ್ತಿರುವುದೇ ಮೇಲು. ಇನ್‌ಪುಟ್ ಬದಲಾಗುವಾಗ ಒಂದು ದೀಪ ಆರಿ ಇನ್ನೊಂದು ಹೊತ್ತುವ ನಡುವೆ ಎರಡೂ ಆರಿರುವ ಕ್ಷಣ ಇರುತ್ತದೆ. ಕೆಪಾಸಿಟರ್ ಇದ್ದರೆ ಎರಡೂ ಉರಿದಂತೆ ಕಾಣುವ ಕ್ಷಣವೂ ಇರುತ್ತದೆ. ಒಂದೊಂದು ಪಿನ್‌ನ ಎಚ್ಚರಿಕೆಗೂ ಓಡಿದರೆ ಈ ಮಧ್ಯದ ಸ್ಥಿತಿಗಳೆಲ್ಲ ಹೊರಗೆ ಹೋಗಿ ಆಂಪ್ಲಿಫೈಯರ್ ಆಫ್ ಆಗಿ ಆನ್ ಆಗುತ್ತದೆ. ಆದ್ದರಿಂದ ತರ್ಕ ಹೀಗಿರಲಿ:

1. 20 ಮಿಲಿಸೆಕೆಂಡಿಗೊಮ್ಮೆ ಐದೂ ಪಿನ್ ಒಟ್ಟಿಗೆ ಓದಿ.
2. ಸರಿಯಾಗಿ ಒಂದೇ ದೀಪ ಉರಿಯುತ್ತಿದ್ದರೆ ಅದರ ಸಂಖ್ಯೆ ಅಭ್ಯರ್ಥಿ. ಯಾವುದೂ ಇಲ್ಲದಿದ್ದರೆ ಸೊನ್ನೆ ಅಭ್ಯರ್ಥಿ. ಒಂದಕ್ಕಿಂತ ಹೆಚ್ಚು ಉರಿದರೆ ಆ ಓದನ್ನು ಕೈಬಿಡಿ, ಹಿಂದಿನ ಉತ್ತರವೇ ಇರಲಿ.
3. ಒಂದರಿಂದ ಐದರ ಅಭ್ಯರ್ಥಿ ಸತತ ಐದು ಓದುಗಳಲ್ಲಿ, ಅಂದರೆ 100 ಮಿಲಿಸೆಕೆಂಡ್ ಒಂದೇ ಇದ್ದರೆ ಒಪ್ಪಿಕೊಳ್ಳಿ.
4. ಸೊನ್ನೆಗೆ ಮಾತ್ರ ಎರಡು ಸೆಕೆಂಡ್ ಕಾಯಿರಿ. ಪೆಟ್ಟಿಗೆ ಆಫ್ ಆದಾಗ ಕೆಲವು ಸ್ವಿಚ್‌ಗಳು ಮುಂದಿನ ಇನ್‌ಪುಟ್ ಹುಡುಕಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ನಿಮ್ಮ ಹಾಳೆಯ ನಾಲ್ಕನೇ ಸಾಲು ನೋಡಿ ಈ ಅವಧಿ ಹೊಂದಿಸಿ.
5. ಒಪ್ಪಿದ ಉತ್ತರ ಹಿಂದಿನದಕ್ಕಿಂತ ಬೇರೆ ಇದ್ದರೆ ಮಾತ್ರ ಹೊರಗೆ ತಿಳಿಸಿ.

ತಿಳಿಸಲು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ ಸುಲಭ. ಸಂದೇಶ ಪಡೆದು ಹಂಚುವ ಮಾಸ್ಕಿಟೋ ಬ್ರೋಕರ್ ಅದೇ ಪೈಯಲ್ಲೇ, 1883ನೇ ಪೋರ್ಟ್‌ನಲ್ಲಿ ನಡೆಯಲಿ. ಸಂದೇಶವನ್ನು ಉಳಿಸಿಡುವ ಬಗೆಯದಾಗಿ ಕಳಿಸಿ, ಆಗ ಹೋಮ್ ಅಸಿಸ್ಟೆಂಟ್ (ಮನೆಯ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್) ನಡುವೆ ಮರಳಿ ಶುರುವಾದರೂ ಈಗಿನ ಇನ್‌ಪುಟ್ ಅದಕ್ಕೆ ತಕ್ಷಣ ಸಿಗುತ್ತದೆ. ಆದರೆ ಉಳಿಸಿಟ್ಟ ಸಂದೇಶಕ್ಕೊಂದು ಅಪಾಯವಿದೆ. ಪ್ರೋಗ್ರಾಮ್ ಸತ್ತಿದ್ದರೂ ಹಳೆಯ ಉತ್ತರ ಬ್ರೋಕರ್‌ನಲ್ಲಿ ಕೂತೇ ಇರುತ್ತದೆ. ಹಾಗಾಗಿ ಸಂಪರ್ಕ ಕಡಿದಾಗ ಬ್ರೋಕರ್ ತಾನೇ ಪ್ರಕಟಿಸುವ ಕೊನೆಯ ಸಂದೇಶವನ್ನೂ ಮೊದಲೇ ನೋಂದಾಯಿಸಿ, ಅದರಲ್ಲಿ 'ಸಂಪರ್ಕ ಇಲ್ಲ' ಎಂದಿರಲಿ.

ಪೈಥಾನ್‌ನಿಂದ ಎಂಕ್ಯೂಟಿಟಿ ಸಂದೇಶ ಕಳಿಸುವ ಪಾಹೋ ಲೈಬ್ರರಿಯಲ್ಲಿ ಒಂದು ತೊಡಕಿದೆ. 2024ರಲ್ಲಿ ಬಂದ 2.0 ಆವೃತ್ತಿಯಲ್ಲಿ ಕ್ಲೈಂಟ್ ಹುಟ್ಟಿಸುವಾಗಲೇ ಕಾಲ್‌ಬ್ಯಾಕ್ ಆವೃತ್ತಿ ಹೇಳಬೇಕು. ರಾಸ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಲ್ಲಿ ಆಪ್ಟ್ ಮೂಲಕ ಬರುವುದು ಹಳೆಯ 1.6. ಪಿಪ್ ಮೂಲಕ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಹಾಕಿದರೆ ಹೊಸದು. ಎಲ್ಲಿಂದಲೋ ತಂದ ಕೋಡ್ ಮೊದಲ ಸಾಲಿನಲ್ಲೇ ಮುಗ್ಗರಿಸಿದರೆ ಈ ವ್ಯತ್ಯಾಸವನ್ನೇ ಮೊದಲು ನೋಡಿ.

ಪ್ರೋಗ್ರಾಮನ್ನು ಸಿಸ್ಟಮ್‌ಡಿ (ಹಿನ್ನೆಲೆಯ ಸೇವೆಗಳನ್ನು ನಡೆಸುವ ಓಎಸ್‌ನ ವ್ಯವಸ್ಥೆ) ಸೇವೆಯಾಗಿ ನೋಂದಾಯಿಸಿ, ಸತ್ತರೆ ತಾನೇ ಏಳುವಂತೆ ಇಡಿ.

ಬಿಚ್ಚಲು ಮನಸ್ಸಿಲ್ಲದಿದ್ದರೆ

ವಾರಂಟಿ ಇರುವ ಅಥವಾ ಬೇರೆಯವರ ಸ್ವಿಚ್ ಆದರೆ ಹೊರಗಿನಿಂದಲೇ ದೀಪ ನೋಡಬಹುದು. ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ತಡೆ ಬದಲಾಗುವ ರೆಸಿಸ್ಟರ್) ಮತ್ತು ಎಲ್‌ಎಂ393 (ವೋಲ್ಟೇಜ್ ಹೋಲಿಸುವ ಚಿಪ್) ಇರುವ ಸಣ್ಣ ಮಾಡ್ಯೂಲ್ ಐದು ತನ್ನಿ. ಎಲ್‌ಡಿಆರನ್ನು ಬಿಡಿಸಿ ತಂತಿಯ ತುದಿಗೆ ಕಟ್ಟಿ, ಕಪ್ಪು ಹೀಟ್‌ಶ್ರಿಂಕ್ ಕೊಳವೆಯಲ್ಲಿ ತೂರಿಸಿ, ಕೊಳವೆಯ ಬಾಯಿಯನ್ನು ದೀಪದ ಮೇಲೆ ಅಂಟಿಸಿ. ಮಾಡ್ಯೂಲ್‌ಗೆ ಕೊಡಬೇಕಾದ್ದು 3.3 ವೋಲ್ಟ್. 5 ಕೊಟ್ಟರೆ ಅದರ ಔಟ್‌ಪುಟ್ ಕೂಡ 5ಕ್ಕೆ ಏರಿ ಪೈಯ ಪಿನ್ ಹಾಳು ಮಾಡುತ್ತದೆ. ಅದರ ನೀಲಿ ತಿರುಪನ್ನು ಕೋಣೆಯ ದೀಪ ಆರಿಸಿ ಒಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ, ಎರಡರಲ್ಲೂ ಸರಿ ಬರುವಂತೆ ಹೊಂದಿಸಬೇಕು. ಸಾಮಾನ್ಯವಾಗಿ ಬೆಳಕು ಬಿದ್ದಾಗ ಔಟ್‌ಪುಟ್ ಸೊನ್ನೆಗೆ ಇಳಿಯುವುದರಿಂದ ಮೇಲಿನ ಪ್ರೋಗ್ರಾಮ್ ಹಾಗೇ ನಡೆಯುತ್ತದೆ. ದೀಪಗಳು ಅರ್ಧ ಸೆಂಟಿಮೀಟರ್‌ಗಿಂತ ಹತ್ತಿರ ಇದ್ದರೆ ಪಕ್ಕದ ಬೆಳಕು ಸೋರುತ್ತದೆ, ಆಗ ಈ ದಾರಿ ಕೈಕೊಡುತ್ತದೆ.

ಕೆಟ್ಟಾಗ ನೋಡಬೇಕಾದ್ದು

ಎಲ್ಲ ಇನ್‌ಪುಟ್ ಸದಾ ಆಫ್ ಎಂದು ಬಂದರೆ ಮೊದಲು ಆಪ್ಟೋಕಪ್ಲರ್‌ನ ಗ್ರೌಂಡ್ ತಂತಿ ನೋಡಿ, ಅದು ಐದಕ್ಕೂ ಸಾಮಾನ್ಯ. ಆರೇ ತಂತಿ ಎಳೆದಿದ್ದರೆ ದೀಪಗಳ ಕಡೆಯ ಸಾಮಾನ್ಯ ತಂತಿಯನ್ನೂ ನೋಡಿ. ಒಂದೇ ಒಂದು ಬರದಿದ್ದರೆ ಅದರ 1 ಮತ್ತು 2ನೇ ಕಾಲು ಉಲ್ಟಾ ಆಗಿರಬೇಕು. ದೀಪದ ಕಡಿಮೆ ವೋಲ್ಟೇಜಿನಿಂದಾಗಿ ಉಲ್ಟಾ ಹಾಕಿದ್ದರೂ ಏನೂ ಸುಟ್ಟಿರುವುದಿಲ್ಲ, ಸರಿಪಡಿಸಿದರೆ ಆಯಿತು.

ಇನ್‌ಪುಟ್ ಸರಿಯಾಗಿ ಬರುತ್ತಿದ್ದು, ತಂತಿ ಹಾಕಿದ ಮೇಲೆ ಚಿತ್ರ ಆಗಾಗ ಕಪ್ಪಾಗತೊಡಗಿದರೆ ಸ್ವಿಚ್‌ನ ವಿದ್ಯುತ್ ನೋಡಿ. ಅಡಾಪ್ಟರ್ ಇಲ್ಲದೆ ಎಚ್‌ಡಿಎಂಐನ 5 ವೋಲ್ಟ್‌ನಿಂದಲೇ ಬದುಕುವ ಸ್ವಿಚ್‌ಗಳಿಗೆ ಪೆಟ್ಟಿಗೆಯೊಂದರಿಂದ ಖಾತ್ರಿಯಾಗಿ ಸಿಗುವುದು 55 ಮಿಲಿಆಂಪಿಯರ್ ಮಾತ್ರ. ಆಪ್ಟೋಕಪ್ಲರ್ ಅದರಲ್ಲಿ ಒಂದೂ ತಿನ್ನುವುದಿಲ್ಲ, ಆದರೆ ಮೊದಲೇ ಅಂಚಿನಲ್ಲಿದ್ದ ಸ್ವಿಚ್ ಕೇಬಲ್ ಅಲುಗಾಡಿಸಿದ್ದಕ್ಕೇ ಕೆಡಬಹುದು. 5 ವೋಲ್ಟ್, 1 ಆಂಪಿಯರ್‌ನ ಪ್ರತ್ಯೇಕ ಅಡಾಪ್ಟರ್ ಕೊಡಿ.

ಟಿವಿ ಸ್ಟ್ಯಾಂಡ್‌ನ ಪೈಗೆ ಇನ್ನೊಂದು ಕಂಟಕ ಗೋಡೆಯ ಸ್ವಿಚ್. ಮಲಗುವ ಮುಂಚೆ ಮನೆಯವರು ಮೇನ್ ಆಫ್ ಮಾಡುತ್ತಾರೆ, ಬರೆಯುತ್ತಿದ್ದ ಮೆಮೊರಿ ಕಾರ್ಡ್ ಕೆಡುತ್ತದೆ. ಎಲ್ಲ ಸರಿಯಾದ ಮೇಲೆ, ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಮೇಲೆ ಬರೆಯುವುದೆಲ್ಲ ಪೈಯ ತಾತ್ಕಾಲಿಕ ಮೆಮೊರಿಯಲ್ಲೇ (ರಾಮ್) ಉಳಿಯುತ್ತದೆ, ಕಾರ್ಡಿಗೆ ಹೋಗುವುದಿಲ್ಲ. ಪ್ರೋಗ್ರಾಮ್ ತಿದ್ದಬೇಕೆನಿಸಿದಾಗ ಮೊದಲು ಓವರ್‌ಲೇ ಆಫ್ ಮಾಡಿ, ಮರಳಿ ಶುರು ಮಾಡಿ, ಆಮೇಲೆ ತಿದ್ದಿ. ಇಲ್ಲವಾದರೆ ತಿದ್ದಿದ್ದೆಲ್ಲ ಮುಂದಿನ ಸಲ ಕರೆಂಟ್ ಹೋದಾಗ ಅಳಿಸಿಹೋಗುತ್ತದೆ.